ಹೊಳಪು ನೋಡಿ ಸ್ಟೀಲ್ ರೇಲಿಂಗ್ ಒಪ್ಪಿಕೊಳ್ಳಬೇಡಿ

ಕಲಬುರಗಿಯಲ್ಲಿ ಮನೆ ಕಟ್ಟಿಸುತ್ತಿರುವವರು, ಮೆಟ್ಟಿಲಿಗೋ ಬಾಲ್ಕನಿಗೋ ಸ್ಟೀಲ್ ರೇಲಿಂಗ್ ಹಾಕಿಸಬೇಕೆಂದಿರುವವರು, ಮುಂಗಡ ಕೊಡುವ ಮೊದಲು ದಯವಿಟ್ಟು ಇದನ್ನು ಪೂರ್ತಿ ಓದಿ.

ಸೇಡಂ ರಸ್ತೆ ಕಡೆಯ ನಮ್ಮ ಹೊಸ ಮನೆಗೆ ಫ್ಯಾಬ್ರಿಕೇಶನ್‌ನವರೊಬ್ಬರು ರೇಲಿಂಗ್ ಮಾಡಿಕೊಟ್ಟರು. ಮಾತಾಗಿದ್ದು 304 ಗ್ರೇಡಿನ ಸ್ಟೇನ್‌ಲೆಸ್ ಸ್ಟೀಲ್, ಕನ್ನಡಿಯಂತೆ ಹೊಳೆಯುವ ಮಿರರ್ ಫಿನಿಶ್. "ಜಂಗ್ ಹತ್ತಂಗೇ ಇಲ್ರಿ ಸರ್, ಗ್ಯಾರಂಟಿ ಅದ" ಎಂದರು. ಗೃಹಪ್ರವೇಶಕ್ಕೆ ಬಂದವರೆಲ್ಲ ಕೈಯಾಡಿಸಿ ಹೊಗಳಿದ್ದೂ ನಿಜ. ಮೊದಲ ಮಳೆಗಾಲ ಮುಗಿಯುವಷ್ಟರಲ್ಲಿ ಬಾಲ್ಕನಿಯ ವೆಲ್ಡಿಂಗ್ ಜಾಗಗಳ ಸುತ್ತ ಕಂದು ಉಂಗುರ ಎದ್ದಿತು, ಪೈಪಿನ ಮೈತುಂಬ ಚಹಾ ಚೆಲ್ಲಿದಂಥ ಕಲೆ. ಕೇಳಿದರೆ "ಬೋರ್ ನೀರಿನ ಕಲೆ ಅದರಿ, ಒರಸ್ರಿ ಹೋಗ್ತದ" ಅಂದರು. ನಮ್ಮ ಬೋರಿನ ಗಡಸು ನೀರು ಒಣಗಿದರೆ ಬಿಳಿ ಕಲೆ ಉಳಿಯುತ್ತದೆ, ಕಂದು ಕಲೆಯಲ್ಲ. ಆಮೇಲೆ ಅವರು ಫೋನ್ ಎತ್ತುವುದನ್ನೇ ಬಿಟ್ಟರು.

ಪರಿಚಯದ ವೆಲ್ಡರ್ ಒಬ್ಬರು ಬಂದು ಪೈಪಿನ ಮೇಲೆ ಟೆಸ್ಟ್ ಮಾಡುವ ದ್ರಾವಣದ ಹನಿ ಹಾಕಿ ಸಣ್ಣ ಬ್ಯಾಟರಿ ತಾಗಿಸಿದರು. ಹನಿ ಕೆಂಪಾಯಿತು. ಅಂದರೆ ಅದು 304 ಅಲ್ಲ, ಮ್ಯಾಂಗನೀಸ್ ಹೆಚ್ಚಿರುವ, 202ರಂಥ 200 ಸರಣಿಯ ಅಗ್ಗದ ಸ್ಟೀಲ್. 304ರಲ್ಲಿ ಸುಮಾರು ಶೇ. 18 ಕ್ರೋಮಿಯಂ, ಶೇ. 8 ನಿಕ್ಕಲ್ ಇರುತ್ತದೆ. 202ರಲ್ಲಿ ನಿಕ್ಕಲ್ ಶೇ. 4ರಿಂದ 6 ಮಾತ್ರ, ದುಬಾರಿ ನಿಕ್ಕಲ್ ಉಳಿಸಲು ಮ್ಯಾಂಗನೀಸ್ ಸೇರಿಸಿರುತ್ತಾರೆ. ಅಂಗಡಿಯಲ್ಲಿ ಅಯಸ್ಕಾಂತ ಹಿಡಿದು "ನೋಡ್ರಿ, ಹಿಡೀವಲ್ದು" ಎಂದು ತೋರಿಸಿದರೆ ನಂಬಬೇಡಿ. 202 ಕೂಡ ಅಯಸ್ಕಾಂತಕ್ಕೆ ಸಾಮಾನ್ಯವಾಗಿ ಅಂಟುವುದಿಲ್ಲ.

ಗ್ರೇಡ್ ಅಂದರೆ ಒಳಗಿನ ಲೋಹದ ಬೆರಕೆ, ಫಿನಿಶ್ ಅಂದರೆ ಮೇಲ್ಮೈಯ ನಯ; ಗ್ರೇಡ್ ಬೇರೆ, ಫಿನಿಶ್ ಬೇರೆ. ಎಷ್ಟು ಅಗ್ಗದ ಸ್ಟೀಲನ್ನಾದರೂ ಬಫಿಂಗ್ ಮಾಡಿ, ಅಂದರೆ ಪಾಲಿಶ್ ಚಕ್ರದಲ್ಲಿ ಉಜ್ಜಿ, ಕನ್ನಡಿಯಂತೆ ಹೊಳೆಸಬಹುದು. ಕಾರ್ಖಾನೆಯಿಂದ ಬರುವ ಮಾಮೂಲಿ ಮಸುಕು ಬೂದು ಹಾಳೆಗೆ 2ಬಿ ಎನ್ನುತ್ತಾರೆ. ಟ್ಯಾಂಕು, ಪಾತ್ರೆಗಳಿಗೆ ಅದು ಸಾಕು. ಸಣ್ಣ ಗೆರೆಗಳ ನಂಬರ್ 4 ಅಡುಗೆಮನೆ ಕಟ್ಟೆಗೆ, ಲಿಫ್ಟಿನ ಬಾಗಿಲಿಗೆ. ಉದ್ದ ನೇರ ಗೆರೆಯದು ಹೇರ್‌ಲೈನ್. ನಂಬರ್ 8 ಎಂದರೆ ಮಿರರ್.

ಮಿರರ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. 304ರ ಮೇಲೆ ಚೆನ್ನಾಗಿ ಮಾಡಿದ್ದರೆ ನುಣುಪು ಮೈಗೆ ಧೂಳು ಕಡಿಮೆ ಕೂರುತ್ತದೆ, ಮಳೆಗೆ ತೊಳೆದು ಹೋಗುತ್ತದೆ. ಆದರೆ ದಿನವೂ ಕೈ ತಾಗುವ ರೇಲಿಂಗಿನಲ್ಲಿ ಪ್ರತಿ ಬೆರಳಿನ ಗುರುತೂ ಕಾಣುತ್ತದೆ. ಒಂದು ಗೀರು ಬಿದ್ದರೆ ಮತ್ತೆ ಬಫಿಂಗೇ ಗತಿ. ನಮ್ಮ ಮೇ ತಿಂಗಳ ಬಿಸಿಲಿಗೆ ಕಣ್ಣಿಗೆ ಹೊಡೆಯುವ ಹೊಳಪು ಬೇರೆ. ಹೇರ್‌ಲೈನಿನಲ್ಲಿ ಗೀರು ಅಷ್ಟು ಕಾಣುವುದಿಲ್ಲ, ಗೆರೆಯ ದಿಕ್ಕಿನಲ್ಲೇ ನಯವಾಗಿ ಉಜ್ಜಿದರೆ ಬಹುಮಟ್ಟಿಗೆ ಸರಿಹೋಗುತ್ತದೆ. ಅಡ್ಡಡ್ಡ ಉಜ್ಜಿದರೆ ಮಾತ್ರ ಕೆಡುತ್ತದೆ.

ಗ್ರೇಡ್ ಸರಿಯಿದ್ದರೂ ಕೆಲಸಗಾರರು ಹಾಳುಮಾಡಬಹುದು, ನಮ್ಮಲ್ಲಿ ಅದೂ ಆಗಿದೆ. ಕಬ್ಬಿಣದ ಗೇಟು ಕತ್ತರಿಸಿದ ಅದೇ ಗ್ರೈಂಡರ್ ವ್ಹೀಲಿನಲ್ಲಿ ಸ್ಟೀಲ್ ಪೈಪ್ ಉಜ್ಜಿದರು. ಕಬ್ಬಿಣದ ಪುಡಿ ಸ್ಟೀಲಿನ ಮೈಗೆ ಹತ್ತಿ ಅಲ್ಲಿಂದಲೇ ಜಂಗು ಶುರುವಾಗುತ್ತದೆ. ವೆಲ್ಡಿಂಗಿನ ಕಾವಿಗೆ ನೀಲಿ ತಿರುಗಿದ ಜಾಗವನ್ನು ಪಿಕ್ಲಿಂಗ್ ಪೇಸ್ಟ್ (ಕಾವಿನ ಕಲೆ ತೆಗೆಯುವ ಆಸಿಡ್ ಪೇಸ್ಟ್) ಹಚ್ಚಿ ತೆಗೆಯದೆ ಹಾಗೇ ಬಫ್ ಹೊಡೆದು ಮುಚ್ಚಿದರು. ಸ್ಟೀಲನ್ನು ಕಾಯುವುದು ಮೇಲಿನ ತೆಳು ಕ್ರೋಮಿಯಂ ಆಕ್ಸೈಡ್ ಪದರ. ಕಾವು ತಗುಲಿದ ಕಡೆ ಅದು ಕೆಟ್ಟಿರುತ್ತದೆ. ಇದರ ಮೇಲೆ ಟೈಲ್ಸ್‌ನವರು ಸಿಮೆಂಟ್ ಕಲೆ ತೆಗೆಯಲು ಆಸಿಡ್ ಸುರಿದರು! ಆ ಆಸಿಡ್ಡಿನ ಹೊಗೆ ತಾಗಿದರೂ ಸಾಕು, 304ಕ್ಕೂ ಚುಕ್ಕೆ ಬೀಳುತ್ತದೆ. ಆಸಿಡ್ ತೊಳೆತ ಮುಗಿದು ಮನೆ ಚೆನ್ನಾಗಿ ಗಾಳಿಯಾಡಿದ ಮೇಲೆಯೇ ರೇಲಿಂಗ್ ಕೂರಿಸಿ.

ಗ್ರಾಹಕರ ಆಯೋಗಕ್ಕೆ ಹೋಗೋಣವೆಂದರೆ ನಮ್ಮ ಬಿಲ್ಲಿನಲ್ಲಿ "ಎಸ್‌ಎಸ್ ರೇಲಿಂಗ್", ಅಂದರೆ ಸ್ಟೇನ್‌ಲೆಸ್ ಸ್ಟೀಲ್ ರೇಲಿಂಗ್, ಎಂದಷ್ಟೇ ಇದೆ. 304 ಎಂದು ಒಪ್ಪಿದ್ದಕ್ಕೆ ಕಾಗದವಿಲ್ಲ. ನೀವು ಗ್ರೇಡ್, ಫಿನಿಶ್, ಪೈಪಿನ ದಪ್ಪ ಮೂರನ್ನೂ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಪೈಪ್ ಮನೆಗೆ ಬಂದ ದಿನ, ಕತ್ತರಿಸುವ ಮೊದಲೇ, ಹನಿ ಹಾಕಿ ನೋಡಿ. ಬರೆದುಕೊಡಲು ಒಲ್ಲೆ ಎನ್ನುವವರಿಗೆ ಮುಂಗಡ ಕೊಡಬೇಡಿ.