ಒಂದೇ ಪೆಟ್ಟಿಗೆ, ಎರಡು ಒಡಲು: ತುಮಕೂರಿನ ವೇದಿಕೆಗೆ ಯಾವ ಡಿಲಕ್ಸ್ ರಿವರ್ಬ್?

ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಗಣೇಶನ ಪೆಂಡಾಲು, ಆರತಕ್ಷತೆ, ರಾಜ್ಯೋತ್ಸವದ ರಸಮಂಜರಿ ಎಂದು ತುಮಕೂರು, ಗುಬ್ಬಿ, ತಿಪಟೂರು, ಸಿರಾ ಸುತ್ತುವ ಗಿಟಾರ್ ವಾದಕರು ಫೆಂಡರ್ ಕಂಪನಿಯ ಡಿಲಕ್ಸ್ ರಿವರ್ಬ್ ಎಂಬ ಗಿಟಾರ್ ಆಂಪ್ (ಆಂಪ್ಲಿಫೈಯರ್) ಕೊಳ್ಳುವುದಾದರೆ ಅದರ ಡಿಜಿಟಲ್ ರೂಪವಾದ ಟೋನ್ ಮಾಸ್ಟರ್ ಮಾದರಿ ಕೊಳ್ಳಲಿ. ಮನೆಯಲ್ಲೋ ಸ್ಟುಡಿಯೋದಲ್ಲೋ ಒಂದೇ ಕಡೆ ಕೂತು ನುಡಿಸುವವರು, ಗಟ್ಟಿ ಅರ್ತಿಂಗ್ ಮತ್ತು ಏರುಪೇರಿಲ್ಲದ ಕರೆಂಟು ಇರುವವರು ವಾಲ್ವ್ (ಹಳೆಯ ರೇಡಿಯೊಗಳಲ್ಲಿದ್ದಂಥ ಗಾಜಿನ ಕೊಳವೆ) ಇರುವ ‘65 ಡಿಲಕ್ಸ್ ರಿವರ್ಬ್’ಗೇ ಹೋಗಲಿ. ಎರಡೂ ಲಕ್ಷ ರೂಪಾಯಿ ದಾಟುವ ಸಾಮಾನು. ಆದ್ದರಿಂದ ಕಾರಣಗಳನ್ನು ಬಿಡಿಸಿ ಹೇಳುವುದು ಅಗತ್ಯ.

ದೂರದಿಂದ ನೋಡಿದರೆ ಇವೆರಡನ್ನು ಬೇರೆ ಮಾಡುವುದು ಕಷ್ಟ. ಅದೇ ಕಪ್ಪು ಹೊದಿಕೆ, ಅದೇ ಬೆಳ್ಳಿ ಬಣ್ಣದ ಬಟ್ಟೆ, ಅದೇ ನಾರ್ಮಲ್ ಮತ್ತು ವೈಬ್ರಾಟೊ ಚಾನಲ್, ಅವೇ ಗುಂಡಿಗಳು. ವಾಲ್ವ್ ಮಾದರಿಯ ಸರ್ಕ್ಯೂಟು, ಹೆಸರಿನಲ್ಲಿ 65 ಇದ್ದರೂ, 1963ರದ್ದು. ಈಗ ಸಿಗುವ ಮರುತಯಾರಿ 1993ರಲ್ಲಿ ಬಂದದ್ದು. ಅದರೊಳಗೆ ಒಂಬತ್ತು ವಾಲ್ವ್‌ಗಳಿವೆ: ನಾಲ್ಕು 12ಎಎಕ್ಸ್7, ಎರಡು 12ಎಟಿ7, ಶಕ್ತಿಗೆ ಎರಡು 6ವಿ6, ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ಆಗಿ ಒಂದು ಜಿಜೆಡ್34. ಹೊರಬರುವುದು 22 ವ್ಯಾಟ್. 2019ರಲ್ಲಿ ಬಂದ ಟೋನ್ ಮಾಸ್ಟರ್‌ನಲ್ಲಿ ಒಂದೂ ವಾಲ್ವ್ ಇಲ್ಲ. ಆ ಇಡೀ ಸರ್ಕ್ಯೂಟಿನ ನಡವಳಿಕೆಯನ್ನು ಒಂದು ಪ್ರೊಸೆಸರ್ ಲೆಕ್ಕ ಹಾಕಿ, 100 ವ್ಯಾಟಿನ ಡಿಜಿಟಲ್ ಪವರ್ ಆಂಪ್‌ಗೆ ಕೊಡುತ್ತದೆ. ನೂರು ವ್ಯಾಟ್ ಎಂದರೆ ನೂರು ವ್ಯಾಟಿನ ಗದ್ದಲವಲ್ಲ. 22 ವ್ಯಾಟಿನ ವಾಲ್ವ್ ಆಂಪ್ ಸದ್ದು ಒಡೆಯುವಾಗಲೂ (ಜೋರಿಗೆ ಒರಟಾಗುವಾಗಲೂ) ಕೊಡುವ ಏಟು ಪೂರ್ತಿ ಬರಲಿ ಎಂದು ಇಟ್ಟ ಮೀಸಲು ಅದು.

ತೂಕದಲ್ಲಿ ಮಾತ್ರ ಇಬ್ಬರೂ ಬೇರೆಯೇ. ವಾಲ್ವ್‌ನದು ಸುಮಾರು 19 ಕಿಲೋ, ಟೋನ್ ಮಾಸ್ಟರ್ ಸುಮಾರು 10.4. ಭಾರದ ಟ್ರಾನ್ಸ್‌ಫಾರ್ಮರ್‌ಗಳು ಹೋಗಿವೆ, ಸ್ಪೀಕರಿನ ಅಯಸ್ಕಾಂತ ನಿಯೋಡಿಮಿಯಮ್ ಆಗಿದೆ, ಪೆಟ್ಟಿಗೆ ಹಗುರ ಪೈನ್ ಮರದ್ದು. ಒಂದು ಕೈಯಲ್ಲಿ ಗಿಟಾರು, ಇನ್ನೊಂದರಲ್ಲಿ ಆಂಪ್ ಹಿಡಿದು ಮೆಟ್ಟಿಲು ಹತ್ತಬಹುದು.

ಈಗ ಕರೆಂಟಿನ ವಿಷಯ. ತುಮಕೂರಿನ ಮಟ್ಟಿಗೆ ಈ ವಿಮರ್ಶೆಯ ಮುಖ್ಯ ಭಾಗ ಇದೇ. ದೂರದ ಕಂಬದಿಂದ ತೆಳು ವೈರು ಎಳೆದು, ಅದೇ ಲೈನಿಗೆ ದೀಪಗಳ ಸಾಲು, ಸೌಂಡಿನವರ ಆಂಪ್ಲಿಫೈಯರುಗಳನ್ನೆಲ್ಲ ಹಾಕಿದಾಗ 230 ವೋಲ್ಟು 190ಕ್ಕೆ ಇಳಿಯುವುದು ಆಶ್ಚರ್ಯವೇನಲ್ಲ. ವಾಲ್ವ್ ಆಂಪಿನ ಒಳಗಿನ ವೋಲ್ಟೇಜುಗಳಿಗೆ ಕಾವಲಿಲ್ಲ, ಗೋಡೆಯಲ್ಲಿ ಎಷ್ಟು ಇಳಿಯಿತೋ ಒಳಗೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ವಾಲ್ವಿನ ಹೀಟರಿಗೆ 6.3 ವೋಲ್ಟು ಬೇಕು, 190ರಲ್ಲಿ ಸಿಗುವುದು 5.2. ವಾಲ್ವಿನೊಳಗಿನ ಪ್ಲೇಟಿನ (ಹೆಚ್ಚು ವೋಲ್ಟೇಜು ಬೀಳುವ ಲೋಹದ ತಗಡಿನ) 415 ವೋಲ್ಟು 343ಕ್ಕೆ ಬರುತ್ತದೆ. ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಕುಗ್ಗುವುದರಿಂದ 22 ವ್ಯಾಟ್ ಸುಮಾರು 15 ಆಗುತ್ತದೆ. ಸದ್ದು ಮೆತ್ತಗಾಗಿ ಬೇಗ ಒಡೆಯುತ್ತದೆ. ಅಮೆರಿಕದ ರಾಕ್ ಗಿಟಾರ್ ವಾದಕ ಎಡ್ಡಿ ವಾನ್ ಹೇಲನ್ ವೇರಿಯಾಕ್ (ವೋಲ್ಟೇಜ್ ಏರಿಸಿ ಇಳಿಸುವ ಟ್ರಾನ್ಸ್‌ಫಾರ್ಮರ್) ಇಟ್ಟು ಬೇಕೆಂದೇ ವೋಲ್ಟೇಜ್ ಇಳಿಸುತ್ತಿದ್ದರು. ಅದು ಅವರ ಸದ್ದಿನ ಆಯ್ಕೆಯಾಗಿತ್ತು. ನಮ್ಮಲ್ಲಿ ಅದು ಹಾಡಿನ ನಡುವೆ, ಹೇಳದೆ ಕೇಳದೆ ಆಗುತ್ತದೆ. ಮಧುರವಾಗಿ ಕೇಳಬೇಕಾದ ಬಿಡಿಬಿಡಿ ಸ್ವರಗಳು ಇದ್ದಕ್ಕಿದ್ದಂತೆ ಗೊಗ್ಗರಾಗುತ್ತವೆ.

ಇಳಿಯುವುದಕ್ಕಿಂತ ಏರುವುದು ಕೆಟ್ಟದ್ದು. 6ವಿ6ಜಿಟಿ ವಾಲ್ವಿನ ಹಳೆಯ ತಾಂತ್ರಿಕ ಹಾಳೆಯಲ್ಲಿ ಪ್ಲೇಟಿನ ಮಿತಿ 315 ವೋಲ್ಟು. ಡಿಲಕ್ಸ್ ರಿವರ್ಬ್ ಅದನ್ನು 400 ದಾಟಿಸಿಯೇ ಓಡಿಸುತ್ತದೆ. ಅದರ ಮೇಲೆ ಜನರೇಟರು 260 ಕೊಟ್ಟರೆ ಪ್ಲೇಟಿಗೆ 470ರ ಹತ್ತಿರ ಬೀಳುತ್ತದೆ. ದುರ್ಬಲ ವಾಲ್ವಿನ ಪ್ಲೇಟು ಕೆಂಪಗೆ ಕಾಯುವುದು ಆಗಲೇ. ಕೆಂಪು ಕಂಡ ಕ್ಷಣ ಆಫ್ ಮಾಡಬೇಕು, ಹಾಡು ಮುಗಿಯಲಿ ಎಂದು ಕಾದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಕೂಡ ಹೋಗಬಹುದು. ಫ್ಯೂಸು ಹೋದರೆ ಹಿಂದೆ ಬರೆದ ಆಂಪಿಯರಿನದ್ದನ್ನೇ ಹಾಕಬೇಕು, ತಂತಿ ಸುತ್ತಿ ಹಾಕುವುದು ಆಂಪನ್ನೇ ಫ್ಯೂಸ್ ಮಾಡಿದಂತೆ. ವಾಲ್ವ್ ಆಂಪ್ ಹೊರಗೆ ಒಯ್ಯುವವರು 500 ವಿಎ ಸ್ಟೆಬಿಲೈಜರ್ ಜೊತೆಗೆ ಒಯ್ಯಲಿ. ಟೋನ್ ಮಾಸ್ಟರ್‌ನ ಪವರ್ ಸಪ್ಲೈ ಸ್ವಿಚಿಂಗ್ ಬಗೆಯದು. 190 ಬಂದರೂ ಒಳಗಿನ ವೋಲ್ಟೇಜು ಕದಲುವುದಿಲ್ಲ, ಸದ್ದು ಬದಲಾಗುವುದಿಲ್ಲ. ಈ ಒಂದು ಗುಣಕ್ಕೇ ಅದು ಪೆಂಡಾಲಿನಲ್ಲಿ ಗೆಲ್ಲುತ್ತದೆ.

ಅರ್ತಿಂಗ್ ವಿಷಯದಲ್ಲಿ ಯಾವ ಆಂಪಿಗೂ ವಿನಾಯಿತಿ ಇಲ್ಲ. ಗಿಟಾರಿನ ತಂತಿಗಳು ಆಂಪಿನ ಅರ್ತಿಗೆ ಸೇರಿರುತ್ತವೆ, ಮೈಕಿನ ಜಾಲರಿ ಮಿಕ್ಸರಿನ ಅರ್ತಿಗೆ. ಎರಡೂ ಬೇರೆ ಬೇರೆ ಕಡೆಯಿಂದ ಬಂದು, ಒಂದರಲ್ಲಿ ಅರ್ತ್ ಕಡಿದಿದ್ದರೆ, ಹಾಡಲು ಮೈಕಿಗೆ ತುಟಿ ಕೊಟ್ಟಾಗ ಹೊಡೆಯುವ ಶಾಕು ಪ್ರಾಣಕ್ಕೆ ಎರವಾಗಬಲ್ಲದು. ಮಲ್ಟಿಮೀಟರನ್ನು ಎಸಿ ವೋಲ್ಟಿಗಿಟ್ಟು ಒಂದು ಕಡ್ಡಿ ತಂತಿಗೆ, ಇನ್ನೊಂದು ಮೈಕಿನ ಜಾಲರಿಗೆ ಮುಟ್ಟಿಸಿ ನೋಡಿ. ಒಂದೆರಡು ವೋಲ್ಟಿಗಿಂತ ಹೆಚ್ಚು ತೋರಿಸಿದರೆ ನುಡಿಸಬೇಡಿ. ಆಂಪು ಮತ್ತು ಮಿಕ್ಸರನ್ನು ಅರ್ತ್ ಇರುವ ಒಂದೇ ಬೋರ್ಡಿಗೆ ಹಾಕಿಸಿ. ಹಮ್ (ಗುಂಯ್ ಎನ್ನುವ ಸದ್ದು) ಹೋಗಲಿ ಎಂದು ಪ್ಲಗ್ಗಿನ ಅರ್ತ್ ಪಿನ್ ಕೀಳುವ ಅಭ್ಯಾಸ ಇನ್ನೂ ಇದೆ. ದಯವಿಟ್ಟು ಬಿಡಿ. ಟೋನ್ ಮಾಸ್ಟರ್‌ನ ಹಿಂದೆ ಲೈನ್ ಔಟ್ (ಮಿಕ್ಸರಿಗೆ ನೇರ ಸದ್ದು ಕೊಡುವ ಕಿಂಡಿ) ಪಕ್ಕದಲ್ಲೇ ಗ್ರೌಂಡ್ ಲಿಫ್ಟ್ ಸ್ವಿಚ್ಚಿದೆ. ಅದು ಆಡಿಯೋ ಕೇಬಲ್ಲಿನ ಸುತ್ತನ್ನು ಮಾತ್ರ ಕಡಿಯುತ್ತದೆ, ಮೈನ್ಸಿನ ಅರ್ತ್ ಹಾಗೇ ಇರುತ್ತದೆ.

ಆ ಲೈನ್ ಔಟ್ ಬಗ್ಗೆ ಇನ್ನಷ್ಟು ಹೇಳಬೇಕು. ವಾಲ್ವ್ ಆಂಪನ್ನು ಮಿಕ್ಸರಿಗೆ ಕೊಡಲು ಮೈಕ್ ಇಡಲೇಬೇಕು: ಬಟ್ಟೆಯಿಂದ ಎರಡರಿಂದ ಐದು ಸೆಂಟಿಮೀಟರ್ ದೂರ, ಕೋನಿನ ನಟ್ಟನಡುವಿಂದ ಸ್ವಲ್ಪ ಪಕ್ಕಕ್ಕೆ. ನಟ್ಟನಡುವೆ ಇಟ್ಟರೆ ಸದ್ದು ಚುಚ್ಚುತ್ತದೆ, ಅಂಚಿಗೆ ಹೋದಷ್ಟೂ ಮಂಕಾಗುತ್ತದೆ. ಪಕ್ಕದಲ್ಲಿ ತಮಟೆಯೋ ರಿದಮ್ ಪ್ಯಾಡಿನ ಮಾನಿಟರೋ ಇದ್ದರೆ ಅದೆಲ್ಲ ಅದೇ ಮೈಕಿಗೆ ಹೋಗುತ್ತದೆ. ಟೋನ್ ಮಾಸ್ಟರ್‌ನಲ್ಲಿ ಎಕ್ಸ್‌ಎಲ್‌ಆರ್ ಕೇಬಲ್ ಒಂದನ್ನು ನೇರ ಮಿಕ್ಸರಿಗೆ ಎಳೆದರಾಯಿತು. ಡೈನಾಮಿಕ್ ಮೈಕ್ ಬಗೆಯದೊಂದು, ರಿಬ್ಬನ್ ಮೈಕ್ ಬಗೆಯದೊಂದು ಕ್ಯಾಬಿನೆಟ್ ಸಿಮ್ಯುಲೇಶನ್ (ಸ್ಪೀಕರ್ ಮುಂದೆ ಮೈಕ್ ಇಟ್ಟಂಥ ಸದ್ದಿನ ಅನುಕರಣೆ) ಇದೆ. ಹಾರ್ನ್ ಸ್ಪೀಕರುಗಳ ಮೇಲೆ ರಿಬ್ಬನ್ ಬಗೆಯದೇ ಕಿವಿಗೆ ಹಿತ. ಮಿಕ್ಸರಿನಲ್ಲಿ ಆ ಚಾನಲ್ಲಿನ 48 ವೋಲ್ಟ್ ಫ್ಯಾಂಟಮ್ (ಮೈಕಿಗೆ ಕೇಬಲ್ಲಿನಲ್ಲೇ ಕೊಡುವ ಕರೆಂಟು) ಆಫ್ ಇರಲಿ. ಮ್ಯೂಟ್ ಸ್ವಿಚ್ಚು ಒತ್ತಿದರೆ ಸ್ಪೀಕರ್ ಸುಮ್ಮನಾಗಿ ಮಿಕ್ಸರಿಗೆ ಮಾತ್ರ ಸದ್ದು ಹೋಗುತ್ತದೆ. ಅಮಾನಿಕೆರೆ ಬಳಿಯ ಗಾಜಿನ ಮನೆಯಂಥ, ಸದ್ದು ತಿರುಗಿ ತಿರುಗಿ ಬರುವ ಜಾಗದಲ್ಲಿ ವೇದಿಕೆಯ ಗದ್ದಲ ಕಡಿಮೆ ಮಾಡಲು ಇದಕ್ಕಿಂತ ಸುಲಭದ ದಾರಿ ಇಲ್ಲ. ಅಲ್ಲಿ ರಿವರ್ಬ್ (ಅನುರಣನ) ಗುಂಡಿ 2 ದಾಟಿಸಬಾರದು, ಕಟ್ಟಡವೇ ಉಳಿದದ್ದನ್ನು ಕೊಡುತ್ತದೆ.

ಹಿಂದಿನ ಪವರ್ ಗುಂಡಿ ಇನ್ನೊಂದು ದೊಡ್ಡ ಅನುಕೂಲ: 22, 12, 5, 1, 0.5, 0.2 ವ್ಯಾಟ್. ವಾಲ್ವ್ ಆಂಪಿನಲ್ಲಿ ಸದ್ದು ಒಡೆಯಲು ವಾಲ್ಯೂಮ್ 5, 6ಕ್ಕೆ ಹೋಗಬೇಕು; ಅಷ್ಟು ಹೊತ್ತಿಗೆ ಅಕ್ಕಪಕ್ಕದ ಮನೆಯವರು ಬಾಗಿಲು ತಟ್ಟಿರುತ್ತಾರೆ. ಟೋನ್ ಮಾಸ್ಟರ್‌ನಲ್ಲಿ 0.5ಕ್ಕಿಟ್ಟು ರಾತ್ರಿಯೂ ಅಭ್ಯಾಸ ಮಾಡಬಹುದು. ವಾಲ್ವ್‌ನಲ್ಲಿ ಇದೇ ಬೇಕಾದರೆ ಹೊರಗಿನ ಅಟೆನ್ಯುಯೇಟರ್ (ಸ್ಪೀಕರಿಗೆ ಹೋಗುವ ಶಕ್ತಿ ತಗ್ಗಿಸುವ ಪೆಟ್ಟಿಗೆ) ಕೊಳ್ಳಬೇಕು, ಅದು 8 ಓಮ್‌ಗೆ ಹೊಂದಬೇಕು. ಸ್ಪೀಕರ್ ಕಳಚಿ ವಾಲ್ವ್ ಆಂಪನ್ನು ಎಂದೂ ಓಡಿಸಬಾರದು.

ಹಾಗಾದರೆ ಸದ್ದು? ವಾಲ್ಯೂಮ್ 4ರವರೆಗೆ ಎರಡಕ್ಕೂ ಕಿವಿಗೆ ಸಿಗುವ ವ್ಯತ್ಯಾಸ ಇಲ್ಲವೆನ್ನಬಹುದು. ಕೀಬೋರ್ಡು, ಡ್ರಮ್ಸು ಸೇರಿದ ಮೇಲೆ ಯಾವ ಸೆಟ್ಟಿಂಗಿನಲ್ಲೂ ಇಲ್ಲ. ಒಬ್ಬರೇ ಕೂತು 6ರ ಮೇಲೆ ನುಡಿಸಿದಾಗ ವಾಲ್ವಿನ ಹಿರಿಮೆ ತಿಳಿಯುತ್ತದೆ. ಗಿಟಾರಿನ ವಾಲ್ಯೂಮನ್ನು 10ರಿಂದ 6ಕ್ಕೆ ಮೆಲ್ಲಗೆ ಇಳಿಸಿದರೆ ಒರಟಿನಿಂದ ತಿಳಿಗೆ ಬರುವ ನಡುವಿನ ಹಂತಗಳು ವಾಲ್ವ್‌ನಲ್ಲಿ ಹೆಚ್ಚು. ಜೋರಾಗಿ ಮೀಟಿದಾಗ ರೆಕ್ಟಿಫೈಯರ್ ವಾಲ್ವ್ ಕ್ಷಣಕಾಲ ಬಗ್ಗಿ ಮತ್ತೆ ಏಳುವುದು ಬೆರಳಿಗೇ ಗೊತ್ತಾಗುತ್ತದೆ. ಟೋನ್ ಮಾಸ್ಟರ್ ಇದನ್ನೂ ಲೆಕ್ಕ ಹಾಕುತ್ತದೆ, ಬಹಳ ಹತ್ತಿರ ಬರುತ್ತದೆ. ಸ್ವರ ಆರುವ ಕೊನೆಯ ಘಳಿಗೆಯಲ್ಲಿ ಮಾತ್ರ ಸ್ವಲ್ಪ ಸಮತಟ್ಟು.

ದುರಸ್ತಿಯಲ್ಲಿ ಲೆಕ್ಕ ತಿರುಗುಮುರುಗು. ವಾಲ್ವ್ ಆಂಪಿನ ರೋಗ ಹುಡುಕಲು ದಾರಿಗಳಿವೆ. ಗಿಟಾರಿನ ವಾಲ್ಯೂಮ್ ಸೊನ್ನೆ ಮಾಡಿದಾಗ ಹೋಗುವ, ದೇಹ ತಿರುಗಿಸಿದಾಗ ಬದಲಾಗುವ ಹಮ್ ಗಿಟಾರಿನ ಪಿಕಪ್ಪಿನದು (ತಂತಿಯ ಕಂಪನ ಹಿಡಿಯುವ ಸುರುಳಿಯದು), 50 ಹರ್ಟ್ಜ್. ಏನೂ ಚುಚ್ಚದಿದ್ದರೂ ಒಂದು ಸ್ಥಾಯಿ ಮೇಲೆ, 100 ಹರ್ಟ್ಜಿನಲ್ಲಿ ಗುಂಯ್‌ಗುಡುವುದು ಒಣಗಿದ ಫಿಲ್ಟರ್ ಕೆಪಾಸಿಟರಿನದು. ಪೆನ್ಸಿಲಿನ ತುದಿಯಿಂದ ಪುಟ್ಟ ವಾಲ್ವ್‌ಗಳನ್ನು ಮೆಲ್ಲಗೆ ತಟ್ಟಿ. ಯಾವುದು ಸ್ಪೀಕರಿನಲ್ಲಿ ಟಣ್ ಎನ್ನುತ್ತದೋ ಅದನ್ನು ಬದಲಿಸಿ. ವೈಬ್ರಾಟೊ ಚಾನಲ್ ಮಾತ್ರ ಸತ್ತಿದ್ದರೆ ಇನ್‌ಪುಟ್ ಕಡೆಯಿಂದ ಎರಡನೆಯ 12ಎಎಕ್ಸ್7 ನೋಡಿ, ರಿವರ್ಬ್ ಮಾತ್ರ ಹೋಗಿದ್ದರೆ ಮೂರನೆಯದಾದ 12ಎಟಿ7 ಮತ್ತು ಸ್ಪ್ರಿಂಗ್ ಪೆಟ್ಟಿಗೆಯ ವೈರು ನೋಡಿ. 6ವಿ6 ಜೋಡಿ ಬದಲಿಸಿದಾಗ ಬಯಾಸ್ (ನುಡಿಸದಿದ್ದಾಗ ವಾಲ್ವಿನಲ್ಲಿ ಹರಿಯುವ ಕರೆಂಟು) ಹೊಂದಿಸಬೇಕು: 415 ವೋಲ್ಟಿಗೆ ಒಂದೊಂದು ವಾಲ್ವಿಗೆ ಸುಮಾರು 20 ಮಿಲಿಆಂಪಿಯರ್, ಅಂದರೆ 12 ವ್ಯಾಟ್ ಮಿತಿಯ ಶೇಕಡಾ 70. ಇದನ್ನು ತಿಳಿದವರೇ ಮಾಡಲಿ. ಆಫ್ ಮಾಡಿದ ಮೇಲೂ ಕೆಪಾಸಿಟರಿನಲ್ಲಿ 400 ವೋಲ್ಟು ಕೂತಿರುತ್ತದೆ. ಬಿಡಿಭಾಗಗಳಿಗೆ ಎಪ್ಪತ್ತು ಕಿಲೋಮೀಟರ್ ಆಚೆ ಬೆಂಗಳೂರಿನ ಎಸ್‌.ಪಿ. ರಸ್ತೆ ಇದೆ, ವಾಲ್ವ್‌ಗಳನ್ನು ಆನ್‌ಲೈನಿನಲ್ಲಿ ತರಿಸಬೇಕು. ಬೆಂಗಳೂರಿನ ಬಿಇಎಲ್ ಒಂದು ಕಾಲಕ್ಕೆ ರೇಡಿಯೊ ವಾಲ್ವ್‌ಗಳನ್ನು ತಯಾರಿಸುತ್ತಿತ್ತು. ಹಳೆಯ ರೇಡಿಯೊ ರಿಪೇರಿಯವರ ಡ್ರಾಯರಿನಲ್ಲಿ ಬಿಇಎಲ್‌ನ ಇಸಿಸಿ83 ಸಿಕ್ಕರೆ ಬಿಡಬೇಡಿ, 12ಎಎಕ್ಸ್7 ಜಾಗಕ್ಕೆ ಅದು ನೇರ ಕೂರುತ್ತದೆ.

ಟೋನ್ ಮಾಸ್ಟರ್ ಕೆಟ್ಟರೆ ಇದ್ಯಾವುದೂ ನಡೆಯದು. ಸಾಸಿವೆಯಂಥ ಬಿಡಿಭಾಗಗಳ ಬೋರ್ಡು, ಸರ್ವಿಸ್ ಸೆಂಟರಿನಲ್ಲಿ ಇಡೀ ಬೋರ್ಡನ್ನೇ ಬದಲಿಸುತ್ತಾರೆ. ಇಪ್ಪತ್ತು ವರ್ಷದ ಮೇಲೆ ಆ ಬೋರ್ಡು ಸಿಗದಿದ್ದರೆ ಉಳಿಯುವುದು ಪೆಟ್ಟಿಗೆ ಮತ್ತು ಸ್ಪೀಕರು. 1960ರ ದಶಕದ ಡಿಲಕ್ಸ್ ರಿವರ್ಬ್‌ಗಳು ಇಂದಿಗೂ ನುಡಿಯುತ್ತಿವೆ. ಮಕ್ಕಳಿಗೆ ಬಿಟ್ಟುಹೋಗುವ ವಸ್ತು ಬೇಕೆನ್ನುವವರು ಟೋನ್ ಮಾಸ್ಟರ್ ಕೊಳ್ಳಬಾರದು ಎಂಬುದು ನಮ್ಮ ಗಟ್ಟಿ ಅಭಿಪ್ರಾಯ.

ಟೋನ್ ಮಾಸ್ಟರ್ ಇಷ್ಟು ಬೇಗ ಒಪ್ಪಿಗೆಯಾದುದಕ್ಕೆ ಕಾರಣ ಅದು ಗುಂಡಿಗಳನ್ನು ಕದಲಿಸಲಿಲ್ಲ. ಗಿಬ್ಸನ್ 2015ರಲ್ಲಿ ತನ್ನ ಬಹುತೇಕ ಗಿಟಾರುಗಳಿಗೆ ತಾನೇ ಶ್ರುತಿ ಮಾಡಿಕೊಳ್ಳುವ ಮೋಟಾರು, ಹಿತ್ತಾಳೆ ನಟ್ (ಗಿಟಾರಿನ ತಲೆಯ ಬಳಿ ತಂತಿಗಳು ಕೂರುವ ಪಟ್ಟಿ), ಅಗಲದ ನೆಕ್ ಎಲ್ಲವನ್ನೂ ಒಟ್ಟಿಗೆ ಹೇರಿತು. ಕೊಳ್ಳುವವರು ತಿರಸ್ಕರಿಸಿದರು, ಮರುವರ್ಷವೇ ಹಳೆಯ ಬಗೆಯ ಮಾದರಿಗಳನ್ನು ಮತ್ತೆ ಕೊಡಬೇಕಾಯಿತು. ಶ್ರುತಿ ಕೆಡಲು ಮುಖ್ಯ ಕಾರಣ ಬಿರಡೆಗಳಲ್ಲ, ನಟ್ಟಿನ ಸಂದಿನಲ್ಲಿ ತಂತಿ ಸಿಕ್ಕಿಕೊಳ್ಳುವುದು. ಹಿಂದಕ್ಕೆ ಬಾಗಿದ ತಲೆಯಿಂದ ತಂತಿಗಳು ಓರೆಯಾಗಿ ಹೊರಡುವ ಗಿಬ್ಸನ್ ವಿನ್ಯಾಸದಲ್ಲಿ ಇದು ಹೆಚ್ಚು. ಸಂದನ್ನು ಸರಿಯಾಗಿ ಅರೆದು ಪೆನ್ಸಿಲಿನ ಗ್ರಾಫೈಟ್ ಸವರಿದರೆ ಮೋಟಾರು ಬೇಕಿಲ್ಲ. ಹಾಗೆಂದು ಹೊಸತನ ಯಾವಾಗಲೂ ಹಳೆಯ ವೇಷದಲ್ಲೇ ಬರಬೇಕೆಂದೇನಿಲ್ಲ. 1975ರ ರೋಲ್ಯಾಂಡ್ ಜೆಸಿ-120 ವಾಲ್ವನ್ನು ಅನುಕರಿಸಲು ಹೋಗಲೇ ಇಲ್ಲ. ಎರಡು 60 ವ್ಯಾಟಿನ ಟ್ರಾನ್ಸಿಸ್ಟರ್ ಆಂಪು, ಎರಡು ಸ್ಪೀಕರು, ಅವುಗಳ ನಡುವೆ ಗಾಳಿಯಲ್ಲೇ ಹುಟ್ಟುವ ಕೋರಸ್ (ಒಂದೇ ಸ್ವರವನ್ನು ಹಲವರು ನುಡಿಸಿದಂತೆ ಕೇಳುವ ಪರಿಣಾಮ). ಆ ಸದ್ದು ಇನ್ನಾವುದರಲ್ಲೂ ಹಾಗೆ ಬರುವುದಿಲ್ಲ.

ಈ ಆಂಪುಗಳಿಗೆ ಚುಚ್ಚುವ ಗಿಟಾರಿನ ಬಗ್ಗೆ ಎರಡು ಮಾತು. ಸಿಂಗಲ್ ಕಾಯಿಲ್ (ಒಂಟಿ ಸುರುಳಿಯ ಪಿಕಪ್ಪು) ಇರುವ ಟೆಲಿಕಾಸ್ಟರ್, ಸ್ಟ್ರಾಟೊಕಾಸ್ಟರ್ ಡಿಲಕ್ಸ್ ರಿವರ್ಬ್‌ಗೆ ಹೇಳಿ ಮಾಡಿಸಿದ ಜೋಡಿ, ಆದರೆ ವೇದಿಕೆಯ ದೀಪದ ಡಿಮ್ಮರ್ ಹತ್ತಿರವಿದ್ದರೆ ಜೇನುಗೂಡಿನ ಸದ್ದು ಬರುತ್ತದೆ. ಒಂದರ ಮೇಲೊಂದು ಸುರುಳಿ ಇಟ್ಟ ನಾಯ್ಸ್‌ಲೆಸ್ ಪಿಕಪ್ಪು ಇದಕ್ಕೆ ಒಳ್ಳೆಯ ಪರಿಹಾರ. ಫಾಲ್ಗುಣ, ಚೈತ್ರದ ಒಣ ಬಿಸಿಲಿಗೆ ಫಿಂಗರ್‌ಬೋರ್ಡು ಕುಗ್ಗಿ ಫ್ರೆಟ್ಟಿನ ತುದಿ ಕೈಗೆ ಚುಚ್ಚುತ್ತದೆ. ಅರವನ್ನು ಆ ತಿಂಗಳಲ್ಲೇ ಆಡಿಸಿ, ಮಳೆಗಾಲದಲ್ಲಿ ಆಡಿಸಿದರೆ ಮರು ಬೇಸಿಗೆಗೆ ಮತ್ತೆ ಅದೇ ಕೆಲಸ. ಹುರಿದ ಮೇಪಲ್ಲಿನ ನೆಕ್ ಇಲ್ಲಿಯ ಹವೆಗೆ ನಿಜಕ್ಕೂ ಉಪಯೋಗದ ಹೊಸತನ.

ಇಷ್ಟು ಹಣ ಇಲ್ಲದವರಿಗೆ ಬಾಸ್ ಕಟಾನಾ-50 ಸಾಕಷ್ಟು ಒಳ್ಳೆಯ ಆಂಪು. ಒಂದೇ ಎಚ್ಚರ: ಅದರ ಫೋನ್ಸ್/ರೆಕ್ ಔಟ್‌ಗೆ ಜ್ಯಾಕ್ ಹಾಕಿದರೆ ಸ್ಪೀಕರ್ ನಿಂತುಹೋಗುತ್ತದೆ, ಮಿಕ್ಸರಿಗೂ ವೇದಿಕೆಗೂ ಒಟ್ಟಿಗೆ ಸದ್ದು ಬೇಕೆಂದರೆ ಮೈಕೇ ಇಡಬೇಕು.

ಅಮೆರಿಕದಲ್ಲಿರುವ ನೆಂಟರ ಕೈಲಿ ತರಿಸುವವರು ಹಿಂದಿನ ತಗಡಿನ ಮೇಲೆ ವೋಲ್ಟೇಜ್ ಓದಿಕೊಳ್ಳಿ. ಅಲ್ಲಿಯ ವಾಲ್ವ್ ಮಾದರಿ 120 ವೋಲ್ಟಿನದು, ನಮ್ಮ ಗೋಡೆಗೆ ನೇರ ಚುಚ್ಚಿದರೆ ಅಲ್ಲೇ ಸುಡುತ್ತದೆ. 500 ವಿಎ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಹಾಕಿದರೂ 60 ಹರ್ಟ್ಜಿಗೆ ಮಾಡಿದ ಒಳಗಿನ ಟ್ರಾನ್ಸ್‌ಫಾರ್ಮರ್ ನಮ್ಮ 50 ಹರ್ಟ್ಜಿನಲ್ಲಿ ಹೆಚ್ಚು ಕಾಯುತ್ತದೆ. ಇಲ್ಲಿಯೇ ಬಿಲ್ಲು, ವಾರಂಟಿ ಸಮೇತ 230 ವೋಲ್ಟಿನದನ್ನು ಕೊಳ್ಳುವುದು ಒಳಿತು.