ಮೈಸೂರಿನ ಒಂದು ಡಿ-ಅಡಿಕ್ಷನ್ ಸೆಂಟರ್: ಟ್ರೀಟ್‌ಮೆಂಟು, ಕೌನ್ಸೆಲಿಂಗು, ಮತ್ತೆ ನಮ್ಮ ಏರಿಯಾದ ಸರಗಳ್ಳ

ಸೆಂಟರ್ ಹೆಸರು ಹಾಕ್ತಿಲ್ಲ, ಒಳಗಿರೋ ಹುಡುಗರ ಮನೆಯವರಿಗೆ ಮುಜುಗರ ಆಗೋದು ಬೇಡ. ರಿಂಗ್ ರೋಡಿಂದ ಸ್ವಲ್ಪ ಒಳಗಿರೋ ಪ್ರೈವೇಟ್ ಜಾಗ. ಇಂಥದ್ದನ್ನ ಹುಡುಕ್ತಿರೋರು ಏನೇನು ನೋಡ್ಬೇಕು ಅಂತ ಗೊತ್ತಾಗ್ಲಿ ಅಂತ ಬರೀತಿದೀನಿ.

ನಮ್ಮ ಚಿಕ್ಕಪ್ಪನ ಮಗನ್ನ ಸೇರಿಸಿದ್ವಿ. ಗಾಂಜಾದಿಂದ ಶುರುವಾಗಿದ್ದು ಟಪೆಂಟಡಾಲ್ ಮಾತ್ರೆ ಪುಡಿ ಮಾಡಿ ನೀರಲ್ಲಿ ಕಲಸಿ ಸೂಜಿ ಚುಚ್ಕೊಳ್ಳೋ ತನಕ ಹೋಗಿತ್ತು. ನೋವಿನ ಮಾತ್ರೆ ತಾನೇ ಅಂತ ಮನೆಯವರು ಸುಮ್ನಿರ್ತಾರೆ, ಅದು ಅಫೀಮಿನ ಜಾತಿಗೇ ಸೇರಿದ್ದು ಕಣ್ರೀ, ಬಿಟ್ಟ ಒಂದು ದಿನದೊಳಗೆ ಮೂಗಲ್ಲಿ ನೀರು, ಆಕಳಿಕೆ, ಮೈಕೈ ನೋವು, ಭೇದಿ, ನಿದ್ದೆ ಇಲ್ಲ, ಎರಡು ಮೂರನೇ ದಿನಕ್ಕೆ ಇನ್ನೂ ಜಾಸ್ತಿ. ಆ ಟೈಮಲ್ಲಿ ಇವರು ಚೆನ್ನಾಗಿ ನೋಡ್ಕೊಂಡ್ರು. ಸೈಕಿಯಾಟ್ರಿಸ್ಟ್ ಬಂದು ಈ ಸಂಕಟ ತಗ್ಗಿಸೋ ಬುಪ್ರಿನಾರ್ಫಿನ್ ಅನ್ನೋ ಔಷಧಿ ಶುರು ಮಾಡಿದ್ರು, ನರ್ಸ್ ರಾತ್ರಿ ಎಲ್ಲಾ ಬಂದು ಬಂದು ನೋಡೋರು, ಕಟ್ಟಿಹಾಕೋದು ಹೊಡೆಯೋದು ಏನೂ ಇಲ್ಲ. 2017ರ ಮೆಂಟಲ್ ಹೆಲ್ತ್‌ಕೇರ್ ಆಕ್ಟ್ ಪ್ರಕಾರ ಸರಪಳಿ ಹಾಕೋ ಹಾಗೇ ಇಲ್ಲ, ಆದ್ರೂ ಹಾಕೋ ಜಾಗಗಳು ಇವೆ, ಅದಕ್ಕೇ ಹೇಳಿದೆ. ರಿಜಿಸ್ಟ್ರೇಷನ್ ಸರ್ಟಿಫಿಕೇಟ್ ಕೇಳಿ ನೋಡಿ, ಇವರು ರಿಸೆಪ್ಷನ್ ಗೋಡೆ ಮೇಲೇ ಹಾಕಿದ್ರು.

ಊಟ ಸುಮಾರು. ಪರವಾಗಿಲ್ಲ.

ಇಷ್ಟೆಲ್ಲಾ ಬರೆಯೋಕೆ ಮುಖ್ಯ ಕಾರಣ ಫ್ಯಾಮಿಲಿ ಕೌನ್ಸೆಲಿಂಗ್. ಇವನು ಸೇರೋಕೆ ಮುಂಚಿಂದಾನೂ ನಮ್ಮ ಲೇಔಟ್ ಸುತ್ತಮುತ್ತ ಸರಗಳ್ಳತನ ನಡೀತಿತ್ತು, ಬೆಳಗ್ಗೆ ಹೆಂಗಸರು ರಂಗೋಲಿ ಹಾಕೋ ಹೊತ್ತಲ್ಲಿ, ಬೈಕು, ಫುಲ್ ಹೆಲ್ಮೆಟ್, ನಂಬರ್ ಪ್ಲೇಟಿಗೆ ಮಣ್ಣು ಮೆತ್ತಿರೋದು, ಪ್ರತಿ ಸಲ ಅದೇ ಥರ. ಒಬ್ಬನದೇ ಕೆಲಸ ಅಂತ ಎಲ್ರೂ ಅಂತಾರೆ, ಯಾರು ಅಂತ ಇವತ್ತಿಗೂ ಗೊತ್ತಿಲ್ಲ. ಹಾಲಿನ ಬೂತ್ ಹತ್ರ, ಪಾರ್ಕಲ್ಲಿ, ಎಲ್ಲಾ ಕಡೆ ಒಂದೇ ಮಾತು, ಯಾವನೋ ಡ್ರಗ್ಸ್ ಹುಡುಗಾನೇ ಇರ್ಬೇಕು ಅಂತ, ಆಮೇಲೆ ನಮ್ಮ ಮನೆ ಕಡೆ ಒಂದು ನೋಟ. ಚಿಕ್ಕಮ್ಮ ಬಾಗಿಲಿಗೆ ಬರೋದನ್ನೇ ಬಿಟ್ಟಿದ್ರು.

ಸೆಷನ್‌ನಲ್ಲಿ ಚಿಕ್ಕಮ್ಮ ಇದನ್ನೇ ಕೇಳಿದ್ರು, ನಮ್ಮವನೇ ಇರಬಹುದಾ ಮೇಡಂ ಅಂತ. ಕೌನ್ಸೆಲರ್ ಛೇ ಇಲ್ಲಪ್ಪ ಅಂತ ಸಮಾಧಾನ ಮಾಡಿ ಕಳಿಸಲಿಲ್ಲ, ಅದು ನನಗೆ ತುಂಬಾ ಇಷ್ಟ ಆಯ್ತು. ಒಂದು ಹಾಳೆ ಕೊಟ್ಟು ಮನೇಲಿ ಏನೇನು ಕಳೆದಿದೆ ಬರೀರಿ ಅಂದ್ರು. ಅಜ್ಜಿಯ ಬೆಳ್ಳಿ ಕುಂಕುಮದ ಬಟ್ಟಲು, ಮಿಕ್ಸಿ ಜಾರು, ಖಾಲಿ ಸಿಲಿಂಡರ್, ಚಿಕ್ಕಪ್ಪನ ಜೇಬಿನ ದುಡ್ಡು, ಬರೀತಾ ಬರೀತಾ ಚಿಕ್ಕಮ್ಮ ಅತ್ತೇಬಿಟ್ರು. ಮೇಡಂ ಆ ಹಾಳೆ ಮೇಲೆ ಬೆರಳಿಟ್ಟು ಹೇಳಿದ್ರು, ನೋಡಿ, ಮೈ ನಡುಗ್ತಿರೋವಾಗ ಕೈಗೆ ಸಿಕ್ಕಿದ್ದನ್ನ ಎತ್ತಿರೋದು ಇದು, ಅದೂ ಸ್ವಂತ ಮನೇಲಿ, ಸಿಕ್ಕಿಬೀಳ್ತೀನಿ ಅಂತ ಗೊತ್ತಿದ್ದೂ. ತಿಂಗಳುಗಟ್ಲೆ ಅದೇ ಹೊತ್ತಿಗೆ ಎದ್ದು, ರಸ್ತೆ ನೋಡ್ಕೊಂಡು, ಎಲ್ಲೂ ತಪ್ಪು ಮಾಡದೆ ಹೋಗೋನ ಲಕ್ಷಣ ಬೇರೆ. ಹಂಗಂತ ಚಟ ಇರೋರು ಅಂಥ ಕೆಲಸ ಮಾಡೋದೇ ಇಲ್ಲ ಅಂತಾನೂ ಅಲ್ಲ, ಮಾಡೋರಿದ್ದಾರೆ, ಅದನ್ನ ಹುಡುಕೋದು ಪೊಲೀಸರ ಕೆಲಸ ಅಂದ್ರು. ಅಮೆರಿಕದ ಪಾಲ್ ಗೋಲ್ಡ್‌ಸ್ಟೀನ್ ಅನ್ನೋ ಸಂಶೋಧಕರು 1985ರಲ್ಲೇ ಡ್ರಗ್ಸಿಗೂ ಹಿಂಸೆಗೂ ಮೂರು ದಾರಿ ಇದೆ ಅಂದಿದ್ರಂತೆ: ನಶೆ ತಲೆಗೇರಿ ಮಾಡೋದು, ಮಾಲಿಗೆ ದುಡ್ಡಿಲ್ದೆ ಮಾಡೋದು, ಮಾರೋರ ಮಧ್ಯದ ಹೊಡೆದಾಟ. ಹುಡುಗ ಯಾವ ದಾರೀಲಿದ್ದಾನೆ ಅಂತ ತಿಳ್ಕೊಂಡ್ರೆ ಟ್ರೀಟ್‌ಮೆಂಟಿಗೆ ಉಪಯೋಗ, ಸುಮ್ನೆ ಕಳ್ಳ ಅಂತ ಹೆಸರಿಟ್ರೆ ಯಾರಿಗೂ ಉಪಯೋಗ ಇಲ್ಲ ಅಂದ್ರು.

ನಾನು ಕ್ರೈಂ ವಿಷಯ ತುಂಬಾ ಓದ್ತೀನಿ, ಅದಕ್ಕೆ ಈ ಮಾತು ಮನಸಿಗೆ ನಾಟ್ತು. ಜಾಕ್ ದ ರಿಪ್ಪರ್ ತಗೊಳ್ಳಿ, 1888, ಲಂಡನ್ನಿನ ವೈಟ್‌ಚಾಪೆಲ್, ಇವತ್ತಿಗೂ ಯಾರು ಅಂತ ಗೊತ್ತಿಲ್ಲ. ಫ್ರಾನ್ಸಿಸ್ ಥಾಮ್ಸನ್ ಅನ್ನೋ ಕವಿ ಮೇಲೆ ಕೆಲವರಿಗೆ ಅನುಮಾನ, ಯಾಕೆ ಅಂದ್ರೆ ಮೆಡಿಕಲ್ ಓದಿ ಅರ್ಧಕ್ಕೆ ಬಿಟ್ಟಿದ್ದ, ಅಫೀಮಿನ ಚಟ, ಆ ವರ್ಷಗಳಲ್ಲಿ ಲಂಡನ್ ಬೀದೀಲಿ ಮಲಗ್ತಿದ್ದ. ಕೊಲೆಗೂ ಅವನಿಗೂ ಗಂಟು ಹಾಕೋ ಸಾಕ್ಷಿ ಒಂದೂ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ 1970-80ರ ದಶಕದಲ್ಲಿ 13 ಕೊಲೆ, ಹತ್ತಾರು ಅತ್ಯಾಚಾರ ಮಾಡಿದವನು 2018ರಲ್ಲಿ ಡಿಎನ್ಎ ಮೂಲಕ ಸಿಕ್ಕಾಗ ನೋಡಿದ್ರೆ, ಶುರುವಿನ ವರ್ಷಗಳಲ್ಲಿ ಸ್ವತಃ ಪೊಲೀಸ್ ಆಗಿದ್ದವನು. ಅಷ್ಟು ದೂರ ಯಾಕೆ, ನಮ್ಮ ಮೈಸೂರಿನ ಬಸ್ ಸ್ಟ್ಯಾಂಡ್ ಟಾಯ್ಲೆಟ್ಟಲ್ಲೇ ಹೆಣ್ಣುಮಕ್ಕಳು ಸತ್ತು ಬಿದ್ದಿರ್ತಿದ್ರು, ಬೇರೆ ಬೇರೆ ಅಸಹಜ ಸಾವು ಅಂತ ಫೈಲ್ ಮಾಡಿ ವರ್ಷಗಟ್ಲೆ ಯಾರೂ ಒಂದಕ್ಕೊಂದು ಜೋಡಿಸಲಿಲ್ಲ, 2009ರಲ್ಲಿ ಸಿಕ್ಕಿದ್ದು ಪ್ರೈಮರಿ ಸ್ಕೂಲಲ್ಲಿ ಮೇಷ್ಟ್ರಾಗಿದ್ದ ಮೋಹನ್ ಕುಮಾರ್. ಮದುವೆ ಆಗ್ತೀನಿ ಅಂತ ಕರ್ಕೊಂಡು ಬಂದು ಗರ್ಭ ನಿಲ್ಲದ ಮಾತ್ರೆ ಅಂತ ಸೈನೈಡ್ ಕೊಟ್ಟು ಒಡವೆ ತಗೊಂಡು ಹೋಗ್ತಿದ್ದ. ಅಂಥವನು ಪಕ್ಕದಲ್ಲಿ ಬಂದು ಕೂತ್ರೆ ಯಾರಿಗೆ ಅನುಮಾನ ಬರುತ್ತೆ? ಹರಕಲು ಬಟ್ಟೆ, ಕೆಂಪು ಕಣ್ಣಿನ ಹುಡುಗನ ಮೇಲೆ ಮಾತ್ರ ಎಲ್ಲರ ಕಣ್ಣು.

ಒಂದಿನ ಇಬ್ಬರು ಪೊಲೀಸರು ಸೆಂಟರಿಗೇ ಬಂದು ಇವನ ಬಗ್ಗೆ ವಿಚಾರಿಸಿದ್ರು. ಸೆಂಟರಿನವರು ಗಾಬರಿ ಬೀಳಲಿಲ್ಲ, ಅವನನ್ನೂ ನಮ್ಮನ್ನೂ ಕೇಳಿ ಒಪ್ಪಿಗೆ ಬರೆಸ್ಕೊಂಡು ಗೇಟ್ ರಿಜಿಸ್ಟರ್ ತೋರಿಸಿದ್ರು, ಕೌನ್ಸೆಲಿಂಗ್ ನೋಟ್ಸ್ ಕೊಡಲಿಲ್ಲ. ಚಿಕಿತ್ಸೆ ಮಾಹಿತಿ ಗುಟ್ಟಾಗಿಡೋದು ರೋಗಿಯ ಹಕ್ಕು, ಅದೇ 2017ರ ಕಾಯ್ದೇಲಿದೆ. ಆ ಪೊಲೀಸರೂ ಮರ್ಯಾದೆಯಿಂದಾನೇ ಮಾತಾಡಿ ಹೋದ್ರು. ಇನ್ನೊಂದು, ಸೇರಿಸಿದ್ರೆ ಕೇಸ್ ಆಗುತ್ತೆ ಅಂತ ಹೆದರಿ ಎಷ್ಟೋ ಜನ ಮಕ್ಕಳನ್ನ ಮನೇಲೇ ಕೂಡಿ ಹಾಕ್ತಾರೆ. ಮಾದಕ ವಸ್ತುಗಳ ಎನ್‌ಡಿಪಿಎಸ್ ಕಾಯ್ದೆಯ 64ಎ ಸೆಕ್ಷನ್ ಓದಿ. ತಾನಾಗೇ ಬಂದು ಸರ್ಕಾರಿ ಅಥವಾ ಮಾನ್ಯತೆ ಇರೋ ಕಡೆ ಟ್ರೀಟ್‌ಮೆಂಟ್ ತಗೊಳ್ಳೋ ವ್ಯಸನಿಗೆ ಸೇವನೆ, ಸಣ್ಣ ಪ್ರಮಾಣದ ಕೇಸಿಂದ ರಕ್ಷಣೆ ಇದೆ, ಆದ್ರೆ ಟ್ರೀಟ್‌ಮೆಂಟ್ ಪೂರ್ತಿ ಮುಗಿಸ್ಬೇಕು.

ಇನ್ನು ದೂರುಗಳು. ಬ್ಲಡ್ ಟೆಸ್ಟ್ ಪ್ಯಾಕೇಜಲ್ಲೇ ಬರುತ್ತೆ ಅಂದು ಆಮೇಲೆ ಬೇರೆ ಬಿಲ್ ಮಾಡಿದ್ರು, ಮೊದಲೇ ಹೇಳಿದ್ರೆ ಕೊಡ್ತಿದ್ವಿ. ಹೆಣ್ಣುಮಕ್ಕಳಿಗೆ ವಾರ್ಡೇ ಇಲ್ಲ, ಹುಡುಗೀರು ಈ ಚಟಕ್ಕೆ ಬೀಳೋದೇ ಇಲ್ವಾ? ಮಂಡ್ಯ ಕಡೆಯಿಂದ ಬಂದಿದ್ದ ಒಂದು ಕುಟುಂಬ ಮಗಳನ್ನ ವಾಪಸ್ ಕರ್ಕೊಂಡು ಹೋಗಿದ್ದನ್ನ ನಾನೇ ನೋಡಿದೆ, ಎಲ್ಲಿಗೆ ಹೋಗ್ಬೇಕು ಅಂತ ಒಂದು ಚೀಟಿನೂ ಬರ್ಕೊಡಲಿಲ್ಲ, ಅದು ಬಹಳ ತಪ್ಪು. ದಾರಿ ಗೊತ್ತಾಗ್ದೆ ಇರೋರು ಮಾನಸಿಕ ಆರೋಗ್ಯದ ಹೆಲ್ಪ್‌ಲೈನ್ ಟೆಲಿ ಮಾನಸ್ 14416 ಅಥವಾ ವ್ಯಸನಮುಕ್ತಿ ಹೆಲ್ಪ್‌ಲೈನ್ 14446ಕ್ಕೆ ಫೋನ್ ಮಾಡಿ, ಎರಡೂ ಫ್ರೀ.

ಎಲ್ಲಕ್ಕಿಂತ ದೊಡ್ಡ ಕೊರತೆ ಡಿಸ್ಚಾರ್ಜ್ ಆದ್ಮೇಲೆ. ಫೋನ್ ಮಾಡ್ತೀವಿ ಅಂದವರು ಮಾಡಲ್ಲ, ನಾವೇ ಬೆನ್ನು ಬೀಳ್ಬೇಕು. ಚಟ ಬಿಟ್ಟ ಮೈಗೆ ತಡ್ಕೊಳ್ಳೋ ಶಕ್ತಿ ಇಳಿದಿರುತ್ತೆ, ಹಳೇ ಲೆಕ್ಕದಲ್ಲೇ ಮತ್ತೆ ಒಂದು ಸಲ ಚುಚ್ಕೊಂಡ್ರೆ ಉಸಿರು ನಿಂತು ಹೋಗಬಹುದು, ಅಪಾಯ ಜಾಸ್ತಿ ಇರೋದು ಮನೆಗೆ ಬಂದ ಮೊದಲ ವಾರಗಳಲ್ಲೇ. ಅದಕ್ಕೆ ಬಿಲ್ ಕಟ್ಟೋ ಮುಂಚೆನೇ ಮುಂದಿನ ಅಪಾಯಿಂಟ್‌ಮೆಂಟ್ ದಿನ, ಮಾತ್ರೆ ಎಲ್ಲಿ ಸಿಗುತ್ತೆ, ರಾತ್ರಿ ಏನಾದ್ರೂ ಆದ್ರೆ ಯಾವ ನಂಬರ್ರು, ಎಲ್ಲಾ ಡಿಸ್ಚಾರ್ಜ್ ಶೀಟಲ್ಲೇ ಬರೆಸ್ಕೊಂಡು ಬನ್ನಿ.