ಪೆರಾಕ್ಸೈಡ್ ಸುರಿಯುವುದೋ, ಗ್ಲೂಕೋಸ್ ಆಕ್ಸಿಡೇಸ್ ಹಾಕುವುದೋ?

ಡಿಶ್‌ನಲ್ಲಿ ಬೆಳೆಸಿದ ಸಸ್ತನಿ ಜೀವಕೋಶಗಳಿಗೆ ಆಕ್ಸಿಡೇಟಿವ್ ಒತ್ತಡ (ಚುರುಕು ಆಮ್ಲಜನಕ ಸಂಯುಕ್ತಗಳಿಂದಾಗುವ ಹಾನಿ) ಕೊಡಬೇಕೆಂದರೆ ಹೆಚ್ಚಿನವರ ಕೈ ಹೋಗುವುದು ಹೈಡ್ರೋಜನ್ ಪೆರಾಕ್ಸೈಡ್ ಬಾಟಲಿಗೆ. ಅಗ್ಗ, ಸುಲಭ. ಆದರೆ ಒಮ್ಮೆಗೇ ಸುರಿದದ್ದು ಬಹಳ ಹೊತ್ತು ಉಳಿಯದು. ಕೋಶದ ಕಿಣ್ವಗಳಾದ ಕೆಟಲೇಸ್, ಗ್ಲುಟಾಥಿಯೋನ್ ಪೆರಾಕ್ಸಿಡೇಸ್ ಅದನ್ನು ಮುಗಿಸುತ್ತವೆ. ಮೀಡಿಯಂನಲ್ಲಿ (ಕೋಶ ಬೆಳೆಸುವ ಪೋಷಕ ದ್ರವ) ಪೆರಾಕ್ಸೈಡ್ ಜೊತೆ ವರ್ತಿಸುವ ಪೈರುವೇಟ್ ಇದ್ದರೆ ಕೋಶ ಮುಟ್ಟುವ ಮೊದಲೇ ಒಂದಷ್ಟು ಖರ್ಚಾಗಿರುತ್ತದೆ. ಕೋಶಗಳ ದಟ್ಟಣೆ ಬದಲಾದರೆ ಫಲಿತಾಂಶವೂ ಬದಲು. ಬರೀ ‘200 ಮೈಕ್ರೋಮೋಲಾರ್ ಹಾಕಿದೆವು’ ಎಂದರೆ, ನನ್ನ ಮಟ್ಟಿಗೆ, ಏನನ್ನೂ ಹೇಳಿದಂತಲ್ಲ.

ಕೋಶ ಸಾಯುವ ಬಗೆಯೂ ಪೆರಾಕ್ಸೈಡ್ ಪ್ರಮಾಣಕ್ಕೆ ತಕ್ಕಂತೆ. ಮಿತವಾಗಿದ್ದರೆ ಮೈಟೋಕಾಂಡ್ರಿಯಾದಿಂದ ಸೈಟೋಕ್ರೋಮ್ ಸಿ ಎಂಬ ಪ್ರೋಟೀನ್ ಹೊರಬಿದ್ದು ಕ್ಯಾಸ್ಪೇಸ್‌ಗಳು (ಪ್ರೋಟೀನ್ ಕತ್ತರಿಸುವ ಕಿಣ್ವಗಳು) ಚುರುಕಾಗುತ್ತವೆ, ಅಪೊಪ್ಟೋಸಿಸ್ ಎಂಬ ಕ್ರಮಬದ್ಧ ಸಾವು ಆಗುತ್ತದೆ. ಅತಿಯಾದರೆ ಡಿಎನ್‌ಎ ಹಾನಿಯಿಂದ ಡಿಎನ್‌ಎ ರಿಪೇರಿಯ ಕಿಣ್ವ ಪಾರ್ಪ್-1 ಮಿತಿಮೀರಿ ಕೆಲಸ ಮಾಡಿ, ಕೋಶದ ಶಕ್ತಿಗೆ ಬೇಕಾದ ಎನ್‌ಎಡಿ, ಎಟಿಪಿ ಬರಿದಾಗುತ್ತವೆ. ಕ್ಯಾಸ್ಪೇಸ್‌ನ ಸಕ್ರಿಯ ಸಿಸ್ಟೀನ್ ಕೂಡ ಆಕ್ಸಿಡೀಕರಣಗೊಂಡು ಕೆಲಸ ನಿಲ್ಲಿಸಬಹುದು. ಆಗ ಆಗುವುದು ನೆಕ್ರೋಸಿಸ್, ಅಂದರೆ ಕೋಶ ಒಡೆದು ಸಾಯುವುದು.

ಗ್ಲೂಕೋಸ್ ಆಕ್ಸಿಡೇಸ್ ಎಂಬ ಕಿಣ್ವ ಮೀಡಿಯಂನ ಗ್ಲೂಕೋಸ್‌ನಿಂದಲೇ ಪೆರಾಕ್ಸೈಡನ್ನು ಹನಿಹನಿಯಾಗಿ ಹುಟ್ಟಿಸುತ್ತದೆ. ಜೊತೆಗೆ ಗ್ಲುಕೋನಿಕ್ ಆಮ್ಲವೂ ಬರುತ್ತದೆ, ಗ್ಲೂಕೋಸೂ ಇಳಿಯುತ್ತದೆ. ಪಿಎಚ್ ಮೇಲೆ ಕಣ್ಣಿರಲಿ.

ಇದೇ ಕೆಲಸಕ್ಕೆ ಬಳಸುವ ಇನ್ನೊಂದು ರಾಸಾಯನಿಕ ಮೆನಾಡಿಯೋನ್ ಬೇರೆಯೇ ಜಾತಿ: ಕೋಶದೊಳಗೆ ಸೂಪರಾಕ್ಸೈಡ್ ಹುಟ್ಟಿಸುವುದಲ್ಲದೆ ಕೋಶದ ರಕ್ಷಕ ಅಣು ಗ್ಲುಟಾಥಿಯೋನ್‌ಗೂ ನೇರವಾಗಿ ಅಂಟಿಕೊಳ್ಳುತ್ತದೆ.

ಕೆಲವು ನಿಮಿಷಗಳ ಪ್ರತಿಕ್ರಿಯೆ ಸಾಕಿದ್ದರೆ ಪೈರುವೇಟ್ ಇಲ್ಲದ ಮೀಡಿಯಂನಲ್ಲಿ ಪೆರಾಕ್ಸೈಡ್. ಗಂಟೆಗಟ್ಟಲೆ ಒತ್ತಡ ಬೇಕಿದ್ದರೆ ಆಕ್ಸಿಡೇಸ್, ಜೊತೆಗೊಂದು ಕೆಟಲೇಸ್ ಕಂಟ್ರೋಲ್ (ಕೆಟಲೇಸ್ ಹಾಕಿದಾಗ ಪರಿಣಾಮ ನಿಂತರೆ ಕಾರಣ ಪೆರಾಕ್ಸೈಡೇ). ಯಾವುದನ್ನೇ ಆರಿಸಿ, ಕ್ಯಾಸ್ಪೇಸ್ ತಡೆಯುವ ಜೆಡ್-ವ್ಯಾಡ್ ಮತ್ತು ಫೆರಾಪ್ಟೋಸಿಸ್ (ಕಬ್ಬಿಣದ ನೆರವಿನಿಂದ ಕೋಶದ ಕೊಬ್ಬು ಆಕ್ಸಿಡೀಕರಣಗೊಂಡು ಆಗುವ ಸಾವು) ತಡೆಯುವ ಫೆರೋಸ್ಟಾಟಿನ್-1 ಎರಡನ್ನೂ ಪ್ಲೇಟಿನ ಬೇರೆಬೇರೆ ಗುಳಿಗಳಲ್ಲಿ ಹಾಕಿ, ಯಾವ ಬಗೆಯ ಸಾವು ಎಂದು ನೋಡಿ.